ಕಫ ಕೊಟ್ಟು 16 ದಿನ: ಟುಗೆಲಾ ಫೆರಿಯಲ್ಲಿ ಟಿಬಿ ಜೀನ್ ಹೇಳಿದ ಕತೆ

ಇವತ್ತಿನ ಕತೆಯಲ್ಲಿ ಒಂದು ಸಂಖ್ಯೆಯನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. 16 ದಿನ.

ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ಟುಗೆಲಾ ಫೆರಿ ಅಂತ ಒಂದು ಸಣ್ಣ ಊರಿದೆ. ಡರ್ಬನ್ ನಗರದಿಂದ ಕೆಲವು ಗಂಟೆಗಳ ದಾರಿ. ಟುಗೆಲಾ ನದಿಯ ದಂಡೆ, ಸುತ್ತ ಕಲ್ಲುಗುಡ್ಡ, ಜುಲು ಮಾತಾಡೋ ಬಡ ಜನ. ಊರಲ್ಲಿ ಒಂದು ಆಸ್ಪತ್ರೆ, ಹೆಸರು ಚರ್ಚ್ ಆಫ್ ಸ್ಕಾಟ್ಲೆಂಡ್ ಆಸ್ಪತ್ರೆ. ಹೆಸರು ಕೇಳಿ ಮಿಷನ್ ಆಸ್ಪತ್ರೆ ಅಂದ್ಕೋಬೇಡಿ, ಒಂದು ಕಾಲದಲ್ಲಿ ಹಾಗಿತ್ತು, ಈಗ ಸರ್ಕಾರದ್ದು. 2005ರ ಜನವರಿಯಿಂದ 2006ರ ಮಾರ್ಚ್‌ವರೆಗೆ ಇಲ್ಲಿ 53 ಜನರಲ್ಲಿ ಒಂದು ಬಗೆಯ ಟಿಬಿ ಪತ್ತೆಯಾಯಿತು. ಆಗ ಇದ್ದ ಮುಖ್ಯ ಔಷಧಗಳಲ್ಲಿ ಯಾವುದಕ್ಕೂ ಅದು ಬಗ್ಗುತ್ತಿರಲಿಲ್ಲ. 53ರಲ್ಲಿ 52 ಜನ ತೀರಿಹೋದರು. ಕಫದ ಸ್ಯಾಂಪಲ್ ಕೊಟ್ಟ ದಿನದಿಂದ ಲೆಕ್ಕ ಹಾಕಿದರೆ, ಸತ್ತವರಲ್ಲಿ ಅರ್ಧದಷ್ಟು ಜನ 16 ದಿನದೊಳಗೆ ಇಲ್ಲವಾಗಿದ್ದರು.

ಇದರಲ್ಲಿ ಎದೆಗೆ ಚುಚ್ಚೋ ವಿಷಯ ಬೇರೇನೇ ಇದೆ. ಯಾವ ಔಷಧ ಕೆಲಸ ಮಾಡುತ್ತೆ, ಯಾವುದು ಮಾಡಲ್ಲ ಅಂತ ಹೇಳುವ ಪರೀಕ್ಷೆಯ ಫಲಿತಾಂಶ ಬರೋಕೆ ಆಗ ವಾರಗಟ್ಟಲೆ ಬೇಕಿತ್ತು. ಎಷ್ಟೋ ಜನರ ರಿಪೋರ್ಟ್ ಬರುವ ಹೊತ್ತಿಗೆ ಅದನ್ನು ಕೇಳುವವರೇ ಇರಲಿಲ್ಲ.

ಯಾಕೆ ಅಷ್ಟು ದಿನ? ಟಿಬಿ ಬ್ಯಾಕ್ಟೀರಿಯಾ ಮಹಾ ಸೋಮಾರಿ. ಹೊಟ್ಟೆಯಲ್ಲಿರೋ ಇ. ಕೋಲಿ ಥರದ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತೆ. ಟಿಬಿ ಬ್ಯಾಕ್ಟೀರಿಯಾ ಎರಡಾಗೋಕೆ ಸುಮಾರು 20 ಗಂಟೆ ತಗೊಳ್ಳುತ್ತೆ. ಲ್ಯಾಬ್‌ನಲ್ಲಿ ಅದನ್ನು ಬೆಳೆಸಿ ನೋಡೋದಕ್ಕೆ ಕಲ್ಚರ್ ಅಂತಾರೆ. ಕಣ್ಣಿಗೆ ಕಾಣುವಷ್ಟು ಬೆಳೆಯೋಕೆ ಮೂರರಿಂದ ಎಂಟು ವಾರ. ಆಮೇಲೆ ಒಂದೊಂದು ಔಷಧ ಹಾಕಿ ಸಾಯುತ್ತಾ ಇಲ್ವಾ ಅಂತ ನೋಡೋಕೆ ಇನ್ನಷ್ಟು ವಾರ. ಬಡ ದೇಶಗಳಲ್ಲಿ ಈ ಕಲ್ಚರ್ ಕೂಡ ಮಾಡ್ತಿರಲಿಲ್ಲ. ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡೋದು, ಅಷ್ಟೇ. ಅದರಲ್ಲಿ ಟಿಬಿ ಇದೆಯಾ ಅಂತ ಗೊತ್ತಾಗುತ್ತೆ. ಔಷಧಕ್ಕೆ ಬಗ್ಗೋ ಟಿಬಿಯಾ ಅಂತ ಗೊತ್ತಾಗಲ್ಲ. ಎರಡೂ ನೋಡೋಕೆ ಒಂದೇ ಥರ.

ಟುಗೆಲಾ ಫೆರಿಯಲ್ಲಿ ವಿಷಯ ಹೊರಗೆ ಬಂದದ್ದು ಒಂದು ವಿಚಿತ್ರ ಕಾರಣಕ್ಕೆ. ಅಲ್ಲಿ ಎಚ್‌ಐವಿ ತೀವ್ರವಾಗಿತ್ತು. ಆಸ್ಪತ್ರೆಯ ವೈದ್ಯ ಟೋನಿ ಮೋಲ್ ಮತ್ತು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಫ್ರೀಡ್‌ಲ್ಯಾಂಡ್ ಮುಂತಾದವರು ಸೇರಿ ಎಚ್‌ಐವಿ ಔಷಧ ಮತ್ತು ಟಿಬಿ ಔಷಧ ಎರಡನ್ನೂ ಒಟ್ಟಿಗೆ ಕೊಡುವ ಪ್ರಯತ್ನ ನಡೆಸುತ್ತಿದ್ದರು. ಎಚ್‌ಐವಿ ಔಷಧ ಚೆನ್ನಾಗಿ ಕೆಲಸ ಮಾಡ್ತಾ ಇದೆ, ವೈರಸ್ ಇಳಿದಿದೆ, ಮಾತ್ರೆ ತಪ್ಪಿಸಿಲ್ಲ. ಆದರೂ ಕೆಲವರು ಸಾಯ್ತಿದಾರೆ, ಅದೂ ಟಿಬಿಯಿಂದ. ಲೆಕ್ಕ ತಾಳೆ ಆಗ್ತಿರಲಿಲ್ಲ. ಆಗ ಅವರು ಕಫವನ್ನು ಡರ್ಬನ್‌ನ ಲ್ಯಾಬ್‌ಗೆ ಕಲ್ಚರ್‌ಗೆ ಕಳಿಸಿದರು. ಒಂದು ತಾಲ್ಲೂಕು ಮಟ್ಟದ ಆಸ್ಪತ್ರೆ ಇಷ್ಟು ಮಾಡಿದ್ದೇ ಆ ಕಾಲಕ್ಕೆ ಅಪರೂಪ. ಅಂದ್ರೆ ಇದೇ ಟಿಬಿ ಬೇರೆ ಕಡೆಯೂ ಇದ್ದಿರಬಹುದು. ಇಲ್ಲಿ ಹುಡುಕಿದರು, ಸಿಕ್ಕಿತು.

ಆ 15 ತಿಂಗಳಲ್ಲಿ 1539 ಜನರ ಕಫ ಪರೀಕ್ಷೆ ಆಯಿತು. 542 ಜನರಲ್ಲಿ ಟಿಬಿ ಬೆಳೆಯಿತು. ಅದರಲ್ಲಿ 221 ಜನರದ್ದು ಎಂಡಿಆರ್, ಅಂದ್ರೆ ಟಿಬಿ ಚಿಕಿತ್ಸೆಯ ಎರಡು ಕಂಬಗಳಾದ ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ್ದು. ಆ 221ರಲ್ಲಿ 53 ಜನರದ್ದು ಅದಕ್ಕಿಂತ ಕೆಟ್ಟದ್ದು, ಎರಡನೇ ಸಾಲಿನ ಔಷಧಗಳಿಗೂ ಬಗ್ಗದ್ದು. ಇದನ್ನ ಎಕ್ಸ್‌ಡಿಆರ್ ಅಂತ ಕರೆದರು. 53ರಲ್ಲಿ 44 ಜನರಿಗೆ ಎಚ್‌ಐವಿ ಪರೀಕ್ಷೆ ಆಗಿತ್ತು, ಅಷ್ಟೂ ಜನ ಪಾಸಿಟಿವ್. 2006ರ ಆಗಸ್ಟ್‌ನಲ್ಲಿ ಟೊರಾಂಟೋದ ಏಡ್ಸ್ ಸಮ್ಮೇಳನದಲ್ಲಿ ಈ ಸುದ್ದಿ ಹೊರಬಿದ್ದಾಗ ಪತ್ರಿಕೆಗಳು ಬೆಚ್ಚಿಬಿದ್ದವು. ಅದೇ ವರ್ಷ ದಿ ಲ್ಯಾನ್ಸೆಟ್‌ನಲ್ಲಿ ಬಂದ ಪ್ರಬಂಧದ ಮೊದಲ ಲೇಖಕರ ಹೆಸರು ನೀಲ್ ಗಾಂಧಿ. ಡರ್ಬನ್ ಅಂದ ತಕ್ಷಣ ನಮಗೆ ನೆನಪಾಗೋ ಗಾಂಧಿ ಬೇರೆ ಬಿಡಿ.

ಈಗ ಒಂದು ಪ್ರಶ್ನೆ. ಔಷಧಕ್ಕೆ ಬಗ್ಗದ ಟಿಬಿ ಹುಟ್ಟೋದು ಹೇಗೆ?

ಬ್ಯಾಕ್ಟೀರಿಯಾ ಎರಡಾಗುವಾಗ ತನ್ನ ಡಿಎನ್‌ಎಯನ್ನು ನಕಲು ಮಾಡುತ್ತೆ. ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಅಂದ್ರೆ ಸುಮಾರು 44 ಲಕ್ಷ ಅಕ್ಷರಗಳ ಪುಸ್ತಕ. 1998ರಲ್ಲಿ ಅದನ್ನು ಮೊದಲ ಸಲ ಪೂರ್ತಿಯಾಗಿ ಓದಿದರು. ಇಷ್ಟುದ್ದ ಬರೆಯುವಾಗ ಅಪರೂಪಕ್ಕೆ ಒಂದು ಕಾಗುಣಿತ ತಪ್ಪುತ್ತೆ. ಹೆಚ್ಚಿನ ತಪ್ಪುಗಳಿಂದ ಏನೂ ಆಗಲ್ಲ. ಆದರೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರೋ ಶ್ವಾಸಕೋಶದಲ್ಲಿ ಒಂದೆರಡಕ್ಕೆ ಸರಿಯಾದ ಜಾಗದಲ್ಲೇ ಅಕ್ಷರ ತಪ್ಪಿರುತ್ತೆ. ಒಂದು ಉದಾಹರಣೆ ಹೇಳ್ತೀನಿ. ಐಸೋನಿಯಾಜಿಡ್ ಮಾತ್ರೆ ದೇಹದೊಳಗೆ ಹೋದಾಗ ಅದಿನ್ನೂ ವಿಷ ಆಗಿರಲ್ಲ. ಬ್ಯಾಕ್ಟೀರಿಯಾದೇ ಒಂದು ಕಿಣ್ವ, ಕ್ಯಾಟ್-ಜಿ ಅಂತ, ಅದನ್ನು ವಿಷ ಮಾಡುತ್ತೆ. ತನ್ನ ಕೈಯಾರೆ ವಿಷ ಬೆರೆಸಿ ತಾನೇ ಕುಡಿದ ಹಾಗೆ. ಆ ಕಿಣ್ವದ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೆ ಸಾಕು, ಬೆರೆಸುವ ಕೆಲಸ ನಡೆಯಲ್ಲ, ಮಾತ್ರೆ ಸುಮ್ಮನೆ ಹಾದುಹೋಗುತ್ತೆ.

ಅದಕ್ಕೇ ಟಿಬಿಗೆ ಒಂದೇ ಔಷಧ ಕೊಡಬಾರದು, ಮೂರು ನಾಲ್ಕು ಒಟ್ಟಿಗೆ ಕೊಡಬೇಕು. ಒಂದು ತಪ್ಪಿಸಿಕೊಂಡದ್ದನ್ನು ಇನ್ನೊಂದು ಹಿಡಿಯುತ್ತೆ. 1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಒಂದನ್ನೇ ಕೊಟ್ಟಾಗ ಕೆಲವೇ ತಿಂಗಳಲ್ಲಿ ಬಗ್ಗದ ಬ್ಯಾಕ್ಟೀರಿಯಾ ಮೇಲೆದ್ದಿದ್ದವು. ಈ ಪಾಠ ಅಷ್ಟು ಹಳೇದು.

ಈ ಪಾಠದ ಜೊತೆಗೆ ಇನ್ನೊಂದು ನಂಬಿಕೆಯೂ ಬೆಳೆದುಬಂತು. ಔಷಧಕ್ಕೆ ಬಗ್ಗದ ಟಿಬಿ ಬಂದಿದೆ ಅಂದ್ರೆ ರೋಗಿ ಮಾತ್ರೆ ಸರಿಯಾಗಿ ತಗೊಂಡಿಲ್ಲ. ಅರ್ಧಕ್ಕೆ ಬಿಟ್ಟಿದಾನೆ, ಕುಡೀತಾನೆ, ಹೇಳಿದ ಮಾತು ಕೇಳಲ್ಲ. ಇದು ಬರೀ ಆಫ್ರಿಕಾದ ಮಾತಲ್ಲ, ನಮ್ಮ ಊರಿನ ಆಸ್ಪತ್ರೆ ಕಾರಿಡಾರ್‌ನಲ್ಲೂ ಕೇಳಿಬರುತ್ತೆ. 2006ರಲ್ಲೂ ಮೊದಲು ಬಂದ ಮಾತು ಇದೇ.

ಆದರೆ ಟುಗೆಲಾ ಫೆರಿಯ ಅಂಕಿಗಳು ಬೇರೆ ಹೇಳ್ತಿದ್ದವು. ಆ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದಕ್ಕೆ ಮುಂಚೆ ಟಿಬಿ ಮಾತ್ರೆಯನ್ನೇ ನುಂಗಿರಲಿಲ್ಲ! ತಪ್ಪಿಸೋಕೆ ಮಾತ್ರೆ ಎಲ್ಲಿತ್ತು? ಹಾಗಾದ್ರೆ ಎಲ್ಲಿಂದ ಬಂತು? ಇಲ್ಲಿಗೆ ಜೀನ್ ಪರೀಕ್ಷೆ ಬರುತ್ತೆ.

ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಅಲ್ಲಲ್ಲಿಗೆ ತನ್ನನ್ನು ತಾನೇ ಅಂಟಿಸಿಕೊಳ್ಳುವ ಒಂದು ತುಣುಕಿದೆ. ಎಷ್ಟು ಕಡೆ, ಎಲ್ಲೆಲ್ಲಿ ಅಂಟಿದೆ ಅನ್ನೋದು ತಳಿಯಿಂದ ತಳಿಗೆ ಬೇರೆ. 1990ರ ದಶಕದಿಂದ ಇದನ್ನೇ ಬೆರಳಚ್ಚಿನ ಹಾಗೆ ಬಳಸ್ತಿದ್ದರು. ಇಬ್ಬರು ರೋಗಿಗಳ ಬ್ಯಾಕ್ಟೀರಿಯಾದ ಬೆರಳಚ್ಚು ಒಂದೇ ಆದರೆ, ಒಬ್ಬರಿಂದ ಇನ್ನೊಬ್ಬರಿಗೋ ಇಬ್ಬರಿಗೂ ಒಂದೇ ಮೂಲದಿಂದಲೋ ಬಂದಿದೆ. ಬೇರೆ ಬೇರೆ ಆದರೆ, ಒಬ್ಬೊಬ್ಬರಲ್ಲೂ ಪ್ರತ್ಯೇಕವಾಗಿ ಹುಟ್ಟಿದೆ. ಟುಗೆಲಾ ಫೆರಿಯ 46 ಮಾದರಿಗಳನ್ನು ಹೀಗೆ ನೋಡಿದಾಗ 39 ಹೆಚ್ಚುಕಡಿಮೆ ಒಂದೇ ಥರ ಇದ್ದವು. ಕೆಜಡ್‌ಎನ್ ಅಂತ ಹೆಸರಿದ್ದ, ಆ ಪ್ರಾಂತ್ಯದಲ್ಲಿ ಮುಂಚಿನಿಂದ ಓಡಾಡುತ್ತಿದ್ದ ತಳಿ. ಮಾತ್ರೆ ತಪ್ಪಿಸಿದವರೊಳಗೆ ಒಬ್ಬೊಬ್ಬರಲ್ಲೂ ಹೊಸದಾಗಿ ಹುಟ್ಟಿದ್ದಾದರೆ ಹೀಗಿರೋಕೆ ಸಾಧ್ಯ ಇಲ್ಲ. ಇದು ಗಾಳಿಯಲ್ಲಿ ಒಬ್ಬರಿಂದ ಒಬ್ಬರಿಗೆ ಹರಡಿದ್ದು.

ಎಲ್ಲಿ ಹರಡಿತು? 53 ಜನರಲ್ಲಿ ಮೂರರಲ್ಲಿ ಎರಡು ಪಾಲು ಜನ ಅದಕ್ಕೆ ಸ್ವಲ್ಪ ಮುಂಚೆ ಯಾವುದೋ ಕಾರಣಕ್ಕೆ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದರು. ಒಂದೇ ಉದ್ದನೆಯ ವಾರ್ಡು, ಸಾಲು ಮಂಚ, ಚಳಿಗೆ ಮುಚ್ಚಿದ ಕಿಟಕಿ. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಸಿದ ದೇಹಗಳು ಪಕ್ಕಪಕ್ಕದಲ್ಲಿ. ಆ ಮಧ್ಯೆ ಒಬ್ಬರು ಕೆಮ್ಮುತ್ತಾ, ತಪ್ಪು ಔಷಧ ತಗೊಳ್ಳುತ್ತಾ, ಫಲಿತಾಂಶಕ್ಕೆ ಕಾಯುತ್ತಾ ಮಲಗಿದಾರೆ. ನಿಧಾನವಾದ ಪರೀಕ್ಷೆ ಆ ಒಬ್ಬ ರೋಗಿಯನ್ನು ಮಾತ್ರ ಕೊಲ್ಲಲಿಲ್ಲ ಅನ್ನೋದನ್ನ ಗಮನಿಸಿ. ಆತ ಕಾಯ್ತಿದ್ದ ಅಷ್ಟೂ ದಿನ ಪಕ್ಕದ ಮಂಚದವರಿಗೂ ಅಪಾಯ ಇತ್ತು.

ಇಷ್ಟೆಲ್ಲ ಗೊತ್ತಾದ ಮೇಲೂ ಸರ್ಕಾರ ಹಿಡಿದ ದಾರಿ ನೋಡಿ. ಎಕ್ಸ್‌ಡಿಆರ್ ರೋಗಿಗಳನ್ನು ವಿಶೇಷ ಆಸ್ಪತ್ರೆಗಳಲ್ಲಿ ಕೂಡಿಹಾಕಿದರು, ತಿಂಗಳುಗಟ್ಟಲೆ, ಕೆಲವು ಕಡೆ ಬೇಲಿ, ಕಾವಲು. ಗುಣವಾಗುವ ಭರವಸೆ ಕಡಿಮೆ, ಮನೆಯವರು ದೂರ. 2007ರ ಡಿಸೆಂಬರ್‌ನಲ್ಲಿ ಪೋರ್ಟ್ ಎಲಿಜಬೆತ್‌ನ ಹೋಸೆ ಪಿಯರ್ಸನ್ ಆಸ್ಪತ್ರೆಯಿಂದ ರೋಗಿಗಳು ಬೇಲಿ ಕತ್ತರಿಸಿಕೊಂಡು ಮನೆಗೆ ಹೋದರು. ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಪತ್ರಿಕೆಗಳು ಅವರ ಬಗ್ಗೆ ಜೈಲಿಂದ ಓಡಿಹೋದವರ ಬಗ್ಗೆ ಬರೆಯೋ ಹಾಗೆ ಬರೆದವು. ನನ್ನ ಮಟ್ಟಿಗೆ, ಈ ಇಡೀ ಇತಿಹಾಸದಲ್ಲಿ ಅತಿ ಹೆಚ್ಚು ಬೇಜಾರಾಗೋ ಜಾಗ ಇದೇ. ಆಸ್ಪತ್ರೆಯಲ್ಲೇ ರೋಗ ಹತ್ತಿಸಿಕೊಂಡವರನ್ನು ಆಸ್ಪತ್ರೆಯಲ್ಲೇ ಬಂಧಿಸಿದ್ದರು.

ಆಮೇಲೆ 2017ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಇದೇ ಪ್ರಾಂತ್ಯದ 404 ಎಕ್ಸ್‌ಡಿಆರ್ ರೋಗಿಗಳದ್ದು, 2011ರಿಂದ 2014ರವರೆಗೆ ಪತ್ತೆಯಾದವರು. ಅದರಲ್ಲಿ ಶೇ. 69 ಜನರಿಗೆ ರೋಗ ಬಂದಿದ್ದು ಇನ್ನೊಬ್ಬರಿಂದ ಹರಡಿ. ಎಂಡಿಆರ್ ಟಿಬಿಗೆ ಅವರು ಯಾವತ್ತೂ ಚಿಕಿತ್ಸೆ ತಗೊಂಡವರೇ ಅಲ್ಲ. ಮಾತ್ರೆ ತಪ್ಪಿಸಿದ್ದಕ್ಕೆ ಬಂತು ಅನ್ನೋ ಮಾತು ಅಲ್ಲಿಗೆ ಬಿದ್ದುಹೋಗಬೇಕಿತ್ತು. ಪೂರ್ತಿ ಬಿದ್ದಿಲ್ಲ ಅಂತ ನಿಮಗೂ ಗೊತ್ತು.

ಈಗ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗೋಣ. ಕತೆ ನಿಜವಾಗಿ ಇತಿಹಾಸ ಆಗೋದು ಇಲ್ಲೇ.

ನಮ್ಮಲ್ಲಿ ಹಳಗನ್ನಡ ಕಾವ್ಯಗಳ ಓಲೆಗರಿ ಪ್ರತಿಗಳನ್ನು ಹೋಲಿಸಿ ನೋಡುವ ವಿದ್ವಾಂಸರು ಇದ್ದಾರಲ್ಲ, ಅವರದ್ದೊಂದು ಉಪಾಯ ಇದೆ. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪು ಇದ್ದರೆ ಆ ಎರಡೂ ಒಂದೇ ತಾಯಿಪ್ರತಿಯಿಂದ ಬಂದವು. ಯಾವ ತಪ್ಪು ಎಲ್ಲಾ ಪ್ರತಿಗಳಲ್ಲೂ ಇದೆಯೋ ಅದು ಹಳೇದು, ಯಾವುದು ಒಂದೆರಡರಲ್ಲಿ ಮಾತ್ರ ಇದೆಯೋ ಅದು ಹೊಸದು. ಹೀಗೆ ಪ್ರತಿಗಳ ವಂಶವೃಕ್ಷ ಬರೀಬಹುದು. ಬ್ಯಾಕ್ಟೀರಿಯಾಕ್ಕೂ ಇದೇ ಲೆಕ್ಕ. ಇನ್ನೂ ಒಂದು ಅನುಕೂಲ ಏನಂದ್ರೆ, ಟಿಬಿ ಬ್ಯಾಕ್ಟೀರಿಯಾದಲ್ಲಿ ತಪ್ಪುಗಳು ಸೇರಿಕೊಳ್ಳುವ ವೇಗ ಅಂದಾಜು ಗೊತ್ತಿದೆ. 44 ಲಕ್ಷ ಅಕ್ಷರಗಳ ಪೂರ್ತಿ ಪುಸ್ತಕದಲ್ಲಿ ಎರಡು ವರ್ಷಕ್ಕೆ ಸುಮಾರು ಒಂದು ಅಕ್ಷರ. ಅಂದ್ರೆ ತಪ್ಪುಗಳನ್ನು ಎಣಿಸಿ ವರ್ಷ ಹೇಳಬಹುದು, ಮರದ ಕಾಂಡದ ಬಳೆ ಎಣಿಸಿದ ಹಾಗೆ.

ಕ್ವಾಜುಲು-ನಟಾಲ್‌ನ 337 ಮಾದರಿಗಳ ಡಿಎನ್‌ಎಯನ್ನು ಪೂರ್ತಿಯಾಗಿ ಓದಿ ಈ ಲೆಕ್ಕ ಹಾಕಿದ ಕೆಲಸ 2015ರಲ್ಲಿ ಪ್ರಕಟವಾಯಿತು. ಟುಗೆಲಾ ಫೆರಿ ತಳಿಯಲ್ಲಿ ಐಸೋನಿಯಾಜಿಡ್‌ಗೆ ಬಗ್ಗದ ಆ ಮೊದಲ ಅಕ್ಷರ ತಪ್ಪಿದ್ದು ಯಾವಾಗ ಗೊತ್ತಾ? ಸುಮಾರು 1957. ಅಂದಾಜು ಅಂತ ಮರೀಬೇಡಿ, ಹಿಂದೆ ಮುಂದೆ ಒಂದು ದಶಕಕ್ಕೂ ಹೆಚ್ಚು ಜಾರಬಹುದು. ಐಸೋನಿಯಾಜಿಡ್ ಬಳಕೆಗೆ ಬಂದದ್ದೇ 1952ರಲ್ಲಿ. ರಿಫಾಂಪಿಸಿನ್‌ಗೂ ಬಗ್ಗದೆ ಎಂಡಿಆರ್ ಆಗಿದ್ದು 1984ರ ಸುಮಾರಿಗೆ. ಎಕ್ಸ್‌ಡಿಆರ್ ಆಗಿದ್ದು 1995ರ ಸುಮಾರಿಗೆ.

ಅಂದ್ರೆ 2005ರಲ್ಲಿ ಸಿಕ್ಕಿಬಿದ್ದ ಈ ರೋಗ ಅದಕ್ಕೆ ಹತ್ತು ವರ್ಷ ಮೊದಲೇ ಅಲ್ಲಿ ಓಡಾಡ್ತಿತ್ತು. ಯಾರೂ ನೋಡಿರಲಿಲ್ಲ, ನೋಡೋಕೆ ಕಣ್ಣೇ ಇರಲಿಲ್ಲ. ಎಂಡಿಆರ್ ಆಗಿದ್ದಂತೂ ಆ ಪ್ರಾಂತ್ಯದಲ್ಲಿ ಎಚ್‌ಐವಿ ಕಾಡ್ಗಿಚ್ಚಿನಂತೆ ಹಬ್ಬುವ ಮೊದಲೇ. ಎಚ್‌ಐವಿ ಇದನ್ನು ಹುಟ್ಟಿಸಲಿಲ್ಲ, ಹುಟ್ಟಿದ್ದಕ್ಕೆ ದಾರಿ ಮಾಡಿಕೊಟ್ಟಿತು.

1957ರ ದಕ್ಷಿಣ ಆಫ್ರಿಕಾ ಅಂದ್ರೆ ವರ್ಣಭೇದದ ಕಾಲ. ಈ ಗುಡ್ಡಗಾಡಿನ ಗಂಡಸರು ದುಡಿಯೋಕೆ ಹೋಗ್ತಿದ್ದುದು ನೂರಾರು ಕಿಲೋಮೀಟರ್ ದೂರದ ಜೋಹಾನ್ಸ್‌ಬರ್ಗ್ ಕಡೆಯ ನಗರಗಳಿಗೆ, ಚಿನ್ನದ ಗಣಿಗಳಿಗೆ. ಗಣಿಯ ಕಲ್ಲುಪುಡಿ ಶ್ವಾಸಕೋಶದಲ್ಲಿ ಕೂತರೆ ಟಿಬಿ ಬೇಗ ಹಿಡಿಯುತ್ತೆ. ಒಂದೇ ಕೋಣೆಯಲ್ಲಿ ಸಾಲಾಗಿ ಮಲಗಿಸುವ ಹಾಸ್ಟೆಲುಗಳು. ಕಾಯಿಲೆ ಬಿದ್ದ ಕಾರ್ಮಿಕನನ್ನು ಕಂಪನಿ ಹಳ್ಳಿಗೆ ವಾಪಸ್ ಕಳಿಸಿಬಿಡ್ತಿತ್ತು, ಅರ್ಧ ಚಿಕಿತ್ಸೆಯೊಂದಿಗೆ. ಉಳಿದರ್ಧ ಕೊಡೋಕೆ ಹಳ್ಳಿಯಲ್ಲಿ ಏನೂ ಇರಲಿಲ್ಲ. ಕೆಜಡ್‌ಎನ್ ತಳಿ ಇಂಥದ್ದೇ ಗಣಿಯಿಂದ ಬಂತು ಅಂತ ಡಿಎನ್‌ಎ ಹೇಳಲ್ಲ, ಅಷ್ಟು ಹೇಳುವ ಶಕ್ತಿ ಅದಕ್ಕಿಲ್ಲ. ಆದರೆ ಅದು ತೋರಿಸುವ ವರ್ಷಗಳು ಆ ಕಾಲದ ಮೇಲೇ ಬಂದು ಕೂರುತ್ತವೆ.

ನಮ್ಮ ಕಡೆ ಆ ಕಾಲದಲ್ಲೇ, ಮದ್ರಾಸಿನಲ್ಲಿ ಟಿಬಿ ರೋಗಿಗಳಿಗೆ ಮನೆಯಲ್ಲೇ ಇಟ್ಟು ಮಾತ್ರೆ ಕೊಟ್ಟರೂ ಗುಣವಾಗುತ್ತೆ ಅಂತ ಪ್ರಯೋಗ ಮಾಡಿ ತೋರಿಸಿದ್ದರು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು, ನೆಹರೂ ಉದ್ಘಾಟಿಸಿದ್ದರು. ಬೆಂಗಳೂರು ಈ ಕತೆಯಲ್ಲಿ ಇನ್ನೊಮ್ಮೆ ಬರುತ್ತೆ.

ಸರಿ, ಹಳೇ ಕತೆ ಓದೋದು ಒಂದು. ಮುಂದೆ ಮಲಗಿರೋ ರೋಗಿಗೆ ಇವತ್ತೇ ಉತ್ತರ ಹೇಳೋದು ಇನ್ನೊಂದು.

ಅದಕ್ಕೆ ದಾರಿ ತೆರೆದದ್ದು 1993ರಲ್ಲಿ. ರಿಫಾಂಪಿಸಿನ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳಲ್ಲಿ ಶೇ. 95ರಷ್ಟರ ತಪ್ಪು ಆರ್‌ಪಿಒ-ಬಿ ಅನ್ನೋ ಒಂದೇ ಜೀನ್‌ನ 81 ಅಕ್ಷರಗಳ ಒಂದು ಸಣ್ಣ ತುಂಡಿನಲ್ಲಿ ಇರುತ್ತೆ ಅಂತ ಗೊತ್ತಾಯಿತು. 44 ಲಕ್ಷದಲ್ಲಿ 81! ಪೂರ್ತಿ ಪುಸ್ತಕ ಓದೋದು ಬೇಡ, ಆ ಎರಡು ಸಾಲು ಓದಿದರೆ ಸಾಕು. ಬೆಳೆಸೋದೂ ಬೇಡ, ಕಫದಲ್ಲಿರೋ ಡಿಎನ್‌ಎಯನ್ನೇ ನಕಲು ಮಾಡಿ ಹೆಚ್ಚಿಸಿ ನೋಡಬಹುದು. ಕೋವಿಡ್ ಕಾಲದಲ್ಲಿ ಆರ್‌ಟಿ-ಪಿಸಿಆರ್ ಅಂತ ಮೂಗಿಗೆ ಕಡ್ಡಿ ಹಾಕಿಸಿಕೊಂಡಿದ್ದೀರಲ್ಲ, ಮೂಲ ವಿದ್ಯೆ ಅದೇ.

ಇದನ್ನು ಒಂದು ಪೆಟ್ಟಿಗೆಯೊಳಗೆ ತುಂಬಿದ ಯಂತ್ರ ಜೀನ್‌ಎಕ್ಸ್‌ಪರ್ಟ್. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಬಿನ್ಯಾಟ್ ಅಂತ ಕರೀತಾರೆ. ಅದರ ಹುಟ್ಟಿನಲ್ಲೂ ಒಂದು ತಮಾಷೆ ಇದೆ. 2001ರಲ್ಲಿ ಅಮೆರಿಕದಲ್ಲಿ ಅಂಚೆಯಲ್ಲಿ ಆಂಥ್ರಾಕ್ಸ್ ಪುಡಿ ಕಳಿಸಿದ ಪ್ರಕರಣ ನಡೆಯಿತಲ್ಲ, ಆಮೇಲೆ ಅಂಚೆ ವಿಂಗಡಣೆ ಕೇಂದ್ರಗಳಲ್ಲಿ ಆಂಥ್ರಾಕ್ಸ್ ಹಿಡಿಯೋಕೆ ಇಟ್ಟಿದ್ದು ಇದೇ ತಂತ್ರಜ್ಞಾನ. ಶ್ರೀಮಂತ ದೇಶದ ಭಯಕ್ಕೆ ಹಾಕಿದ ದುಡ್ಡು ತಿರುಗಿ ಬಡವರ ರೋಗದ ಕೆಲಸಕ್ಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಟಿಬಿ ಇದೆಯಾ, ರಿಫಾಂಪಿಸಿನ್‌ಗೆ ಬಗ್ಗುತ್ತಾ, ಎರಡೂ ಉತ್ತರ ಎರಡು ಗಂಟೆಯೊಳಗೆ. 2011ರಲ್ಲಿ ಇದನ್ನು ದೇಶದ ತುಂಬ ಇಡೋಕೆ ಹೊರಟದ್ದು ದಕ್ಷಿಣ ಆಫ್ರಿಕಾನೇ. ಟುಗೆಲಾ ಫೆರಿಯ ಗಾಯ ಇನ್ನೂ ಹಸಿಯಾಗಿತ್ತು.

ಎರಡು ಗಂಟೆ. ಕತೆ ಮುಗೀತು ಅಂದ್ಕೊಂಡ್ರಾ?

ಕೇಪ್‌ಟೌನ್‌ನಲ್ಲಿ ಲೆಕ್ಕ ಹಾಕಿ ನೋಡಿದರು. ಹೊಸ ಯಂತ್ರ ಬಂದ ಮೇಲೆ ಎಂಡಿಆರ್ ರೋಗಿಗೆ ಸರಿಯಾದ ಚಿಕಿತ್ಸೆ ಶುರುವಾಗುವ ಸಮಯ 43 ದಿನದಿಂದ ಇಳಿಯಿತು, ನಿಜ. ಇಳಿದು ಎಷ್ಟಾಯಿತು? 17 ದಿನ. ಪರೀಕ್ಷೆ ಎರಡು ಗಂಟೆಯದು, ಚಿಕಿತ್ಸೆಗೆ 17 ದಿನ. ನೆನಪಿಟ್ಟುಕೊಳ್ಳಿ ಅಂದಿದ್ದ ಸಂಖ್ಯೆ 16. ಮಧ್ಯದಲ್ಲಿ ಆ ದಿನಗಳು ಎಲ್ಲಿ ಹೋಗುತ್ತವೆ ಅಂದ್ರೆ, ಸ್ಯಾಂಪಲ್ ಹೊತ್ತ ಗಾಡಿ ಲ್ಯಾಬ್ ಮುಟ್ಟಬೇಕು, ರಿಪೋರ್ಟ್ ವಾಪಸ್ ಕ್ಲಿನಿಕ್ಕಿಗೆ ಬರಬೇಕು, ರೋಗಿ ಇನ್ನೊಮ್ಮೆ ಬಸ್ ಹತ್ತಿ ಬರಬೇಕು, ಆತನನ್ನು ಬೇರೆ ಆಸ್ಪತ್ರೆಗೆ ಕಳಿಸಬೇಕು, ಅಲ್ಲಿ ಮಂಚ ಖಾಲಿ ಇರಬೇಕು. ಯಂತ್ರ ಇದ್ಯಾವುದನ್ನೂ ಮಾಡಲ್ಲ. 2015ರಲ್ಲಿ ಅದೇ ದೇಶದಲ್ಲಿ ಸಾವಿರಾರು ಜನರ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ ಬಂತು. ಸಾಮಾನ್ಯ ಟಿಬಿ ಅನುಮಾನ ಇದ್ದವರಿಗೆ ಹಳೇ ಸೂಕ್ಷ್ಮದರ್ಶಕ ಬಳಸಿದ ಕ್ಲಿನಿಕ್ಕುಗಳಿಗೂ ಹೊಸ ಯಂತ್ರದ ಕ್ಲಿನಿಕ್ಕುಗಳಿಗೂ ಹೋಲಿಸಿದರೆ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಯಂತ್ರ ಕೆಟ್ಟದ್ದು ಅಂತಲ್ಲ. ಯಂತ್ರದ ಆಚೆ ಈಚೆ ಏನೂ ಬದಲಾಗಿರಲಿಲ್ಲ.

ಹಾಗಾಗಿ ಯಂತ್ರವನ್ನೇ ರೋಗಿಯ ಹತ್ತಿರಕ್ಕೆ ಒಯ್ಯೋದು ಹೇಗೆ ಅನ್ನೋ ಪ್ರಶ್ನೆ. ಜೀನ್‌ಎಕ್ಸ್‌ಪರ್ಟ್‌ಗೆ ನಿರಂತರ ಕರೆಂಟ್ ಬೇಕು, ಕೋಣೆ ತಂಪಾಗಿರಬೇಕು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೇಸಿಗೆ ಮಧ್ಯಾಹ್ನ ಇವೆರಡೂ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರೂನ್ಯಾಟ್ ಈ ಕೊರತೆಗೆ ಉತ್ತರ. ಬ್ಯಾಟರಿಯಲ್ಲಿ ನಡೆಯೋ ಚಿಕ್ಕ ಪೆಟ್ಟಿಗೆ, ಚಿಪ್ ಮೇಲೆ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದನ್ನು ಶಿಫಾರಸು ಮಾಡಿತು, ಈಗ ಭಾರತದ ತಾಲ್ಲೂಕುಗಳಲ್ಲೂ ಆಫ್ರಿಕಾದ ಕೆಲವು ದೇಶಗಳಲ್ಲೂ ಇದೆ. ಪ್ರಪಂಚದ ಔಷಧಕ್ಕೆ ಬಗ್ಗದ ಟಿಬಿ ರೋಗಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ಭಾರತದವರೇ ಆಗಿರೋದರಿಂದ ಇದು ನಮಗೆ ಸಣ್ಣ ವಿಷಯ ಅಲ್ಲ.

ಇನ್ನೊಂದು ತೊಡಕು ಕ್ವಾಜುಲು-ನಟಾಲ್‌ನ ಪಕ್ಕದ ಮನೆಯಿಂದ ಬಂತು. ಎಸ್ವಾಟಿನಿ, ಆಗ ಅದರ ಹೆಸರು ಸ್ವಾಜಿಲೆಂಡ್. ಅಲ್ಲಿ 2009ರ ಸಮೀಕ್ಷೆಯಲ್ಲಿ ಸಿಕ್ಕ ಎಂಡಿಆರ್ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಶೇ. 30ರಷ್ಟರಲ್ಲಿ ತಪ್ಪಿದ ಅಕ್ಷರ ಆ 81ರ ಒಳಗೆ ಇರಲೇ ಇಲ್ಲ, ಸ್ವಲ್ಪ ಹೊರಗಿತ್ತು! ಯಂತ್ರ ನೋಡೋದು 81 ಅಕ್ಷರ ಮಾತ್ರ. ಅದು ಈ ರೋಗಿಗಳಿಗೆ ರಿಫಾಂಪಿಸಿನ್ ಕೆಲಸ ಮಾಡುತ್ತೆ ಅಂತಲೇ ಹೇಳುತ್ತೆ. ಯೋಚಿಸಿ, ಯಂತ್ರ ತಪ್ಪದೇ ಹಿಡಿಯೋ ತಳಿಗಳಿಗೆ ಸರಿಯಾದ ಚಿಕಿತ್ಸೆ ಸಿಕ್ಕಿ ಅವು ಕಡಿಮೆಯಾಗುತ್ತವೆ. ಯಂತ್ರದ ಕಣ್ಣು ತಪ್ಪಿಸುವ ತಳಿ ತಪ್ಪು ಚಿಕಿತ್ಸೆಯಲ್ಲಿ ಕೆಮ್ಮುತ್ತಾ ಉಳಿಯುತ್ತೆ, ಹರಡುತ್ತೆ. ಇದೇ ತಪ್ಪಿರೋ ಬ್ಯಾಕ್ಟೀರಿಯಾ ಆಮೇಲೆ ದಕ್ಷಿಣ ಆಫ್ರಿಕಾದಲ್ಲೂ ಸಿಕ್ಕಿತು.

ಇಷ್ಟು ಹೊತ್ತು ಪರೀಕ್ಷೆಯದ್ದೇ ಮಾತಾಯಿತು. ಗೊತ್ತಾದ ಮೇಲೆ ಕೊಡೋಕೆ ಔಷಧ? ಎಕ್ಸ್‌ಡಿಆರ್‌ಗೆ ವರ್ಷಗಟ್ಟಲೆ ಇದ್ದ ಚಿಕಿತ್ಸೆ ಅಂದ್ರೆ ಎರಡು ವರ್ಷ, ದಿನಾ ಹಿಡಿಗಟ್ಟಲೆ ಮಾತ್ರೆ, ಮೊದಲ ಕೆಲವು ತಿಂಗಳು ದಿನಾ ಸೂಜಿ. ಆ ಇಂಜೆಕ್ಷನ್‌ನಿಂದ ಎಷ್ಟೋ ಜನರ ಕಿವಿ ಕೇಳಿಸದಾಯಿತು, ಶಾಶ್ವತವಾಗಿ. ಅಷ್ಟಾದರೂ ಗುಣವಾದವರು ಕಡಿಮೆ. 2012ರ ಕೊನೆಗೆ ಬೆಡಾಕ್ವಿಲಿನ್ ಬಂತು. ಟಿಬಿಗೆಂದೇ ಹೊಸ ಬಗೆಯ ಔಷಧ ಬಂದು ಆಗ 40 ವರ್ಷ ಆಗಿತ್ತು. 2018ರಲ್ಲಿ ದಕ್ಷಿಣ ಆಫ್ರಿಕಾ ಸೂಜಿಯನ್ನು ಕೈಬಿಟ್ಟು, ರಿಫಾಂಪಿಸಿನ್‌ಗೆ ಬಗ್ಗದ ಎಲ್ಲರಿಗೂ ಬೆಡಾಕ್ವಿಲಿನ್ ಕೊಡ್ತೀವಿ ಅಂತ ಘೋಷಿಸಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದಕ್ಕೂ ಮುಂಚೆ.

ಆಮೇಲೆ ನಿಕ್ಸ್-ಟಿಬಿ ಅನ್ನೋ ಪ್ರಯೋಗ. ದಕ್ಷಿಣ ಆಫ್ರಿಕಾದ ಮೂರು ಆಸ್ಪತ್ರೆಗಳು, ಅದರಲ್ಲಿ ಒಂದು ಡರ್ಬನ್‌ನ ಕಿಂಗ್ ಡಿನುಜುಲು ಆಸ್ಪತ್ರೆ, ಟುಗೆಲಾ ಫೆರಿ ಇರೋ ಪ್ರಾಂತ್ಯದ್ದೇ. 109 ರೋಗಿಗಳು. ಹೆಚ್ಚಿನವರು ಎಕ್ಸ್‌ಡಿಆರ್, ಉಳಿದವರು ಬೇರೆ ಚಿಕಿತ್ಸೆಗೆ ಬಗ್ಗದ ಎಂಡಿಆರ್. ಬೆಡಾಕ್ವಿಲಿನ್, ಪ್ರೆಟೋಮನಿಡ್, ಲಿನೆಜೋಲಿಡ್, ಮೂರೇ ಮಾತ್ರೆ, ಸಾಮಾನ್ಯವಾಗಿ ಆರೇ ತಿಂಗಳು, ಸೂಜಿ ಇಲ್ಲ. 2020ರಲ್ಲಿ ಬಂದ ಫಲಿತಾಂಶ: 109ರಲ್ಲಿ 98 ಜನ ಚೇತರಿಸಿಕೊಂಡರು. 53ರಲ್ಲಿ ಒಬ್ಬರು ಉಳಿದಿದ್ದ ಪ್ರಾಂತ್ಯ ಇದು, ಅದಾಗಿ 15 ವರ್ಷ ಕೂಡ ಆಗಿರಲಿಲ್ಲ. ಸುಲಭದ ಚಿಕಿತ್ಸೆ ಅಂತ ಹೇಳ್ತಿಲ್ಲ, ಲಿನೆಜೋಲಿಡ್‌ನಿಂದ ಹೆಚ್ಚಿನವರಿಗೆ ಕಾಲು ಮರಗಟ್ಟಿತು, ಉರಿ ಬಂತು, ಆಮೇಲೆ ಅದರ ಪ್ರಮಾಣ ಇಳಿಸಬೇಕಾಯಿತು. ಇದೇ ಔಷಧಗಳ ಜೊತೆಗೆ ಮಾಕ್ಸಿಫ್ಲಾಕ್ಸಾಸಿನ್ ಸೇರಿಸಿದ ಆರು ತಿಂಗಳ ಚಿಕಿತ್ಸೆಗೆ ಭಾರತ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿತು.

ಕೊನೆಯದಾಗಿ ಒಂದು ವಿಷಯ, ಇದನ್ನು ಬಿಟ್ಟರೆ ಕತೆ ಅರ್ಧ ಆಗುತ್ತೆ. ಎಸ್ವಾಟಿನಿಯಲ್ಲಿ ಯಂತ್ರದ ಕಣ್ಣು ತಪ್ಪಿಸಿದ ಆ ತಳಿ ಇತ್ತಲ್ಲ, ಅದರ ಡಿಎನ್‌ಎಯನ್ನು ಪೂರ್ತಿ ಓದಿದವರಿಗೆ ಇನ್ನೊಂದು ತಪ್ಪಿದ ಅಕ್ಷರ ಸಿಕ್ಕಿತು. ಬೆಡಾಕ್ವಿಲಿನ್ ಪ್ರಭಾವವನ್ನು ಕುಗ್ಗಿಸುವಂಥದ್ದು. ವಂಶವೃಕ್ಷದ ಲೆಕ್ಕದ ಪ್ರಕಾರ ಆ ಅಕ್ಷರ ತಪ್ಪಿದ್ದು ಬೆಡಾಕ್ವಿಲಿನ್ ಚಿಕಿತ್ಸೆಗೆ ಬರೋದಕ್ಕೂ ಮುಂಚೆ. ಈಗ ಬಳಕೆಯಲ್ಲಿರೋ ಜೀನ್‌ಎಕ್ಸ್‌ಪರ್ಟ್ ಆಗಲಿ ಟ್ರೂನ್ಯಾಟ್ ಆಗಲಿ ಆ ಜೀನನ್ನು ನೋಡಲ್ಲ. ನೋಡಬೇಕು ಅಂದ್ರೆ ಎರಡೇ ದಾರಿ. ಒಂದು, ಹಳೇ ಥರ ವಾರಗಟ್ಟಲೆ ಬ್ಯಾಕ್ಟೀರಿಯಾ ಬೆಳೆಸೋದು. ಇನ್ನೊಂದು, ಕಫದಿಂದಲೇ ನೇರವಾಗಿ ಹತ್ತಾರು ಜೀನ್‌ಗಳನ್ನು ಒಟ್ಟಿಗೆ ಓದುವ ಸೀಕ್ವೆನ್ಸಿಂಗ್, ಕೆಲವೇ ದಿನದಲ್ಲಿ ಉತ್ತರ ಕೊಡುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗೆ ಇದು ಸೇರಿದ್ದು 2024ರಲ್ಲಿ. ಸದ್ಯಕ್ಕೆ ಹೆಚ್ಚಾಗಿ ದೊಡ್ಡ ಊರಿನ ರೆಫರೆನ್ಸ್ ಲ್ಯಾಬ್‌ಗಳಲ್ಲಿ ಮಾತ್ರ ಇರೋ ಪರೀಕ್ಷೆ. ಅಲ್ಲಿಗೆ ಕಫ ಹೋಗಬೇಕು, ಅಲ್ಲಿಂದ ರಿಪೋರ್ಟ್ ಬರಬೇಕು.